ಉದ್ದನ್ನ ಹುಡುಗ, ತಳ ಇಲ್ಲದ ಬುಟ್ಟಿ

ಬಿಸಿಲಲ್ಲಿ ನಿಂತು ಹುಡುಗರಿಗೆ "ಹುಷಾರ್!" ಎಂದು ಕೂಗುವುದೇ ನನ್ನ ನೌಕರಿಯಾಗಿತ್ತು. ಹುಡುಗರು ಹುಷಾರಾದರೋ ಇಲ್ಲವೋ, ಎದೆ ಧಸಕ್ಕೆನ್ನುವ ಸರದಿ ಮಾತ್ರ ಯಾವಾಗಲೂ ಡ್ರಿಲ್ ಮಾಸ್ತರನಾದ ನನ್ನದೇ. ಒಬ್ಬನೇ ಒಬ್ಬ ಹುಡುಗನಿಂದ ನನಗೆ ಎಷ್ಟು ಸಲ ಹಾಗಾಯಿತು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಎದೆ ಅಳೆದದ್ದು

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ನಾನು ಕೊಪ್ಪಳದ ಸಾಲಿಯಲ್ಲಿದ್ದೆ. ಗಂಗಾವತಿಯ ನನ್ನ ಹಳೆಯ ದೋಸ್ತನೊಬ್ಬ ಹೈದರಾಬಾದಿನ ಒಂದು ಕಾಲೇಜಿನಲ್ಲಿ ಆಟದ ಮಾಸ್ತರನಾಗಿದ್ದ. ಅವನಿಂದ ಕಾಗದ ಬಂತು: "ಬ್ಯಾಸ್ಕೆಟ್‌ಬಾಲ್ ಟೀಮು ಕಟ್ಟಾಕ ಹತ್ತೀವಿ. ಮ್ಯಾಟ್ರಿಕ್ ಮುಗಸೋ ಉದ್ದನ್ನ ಹುಡುಗ ಇದ್ರ ನೋಡು. ಲಾಯಕ್ ಇದ್ರ ಕಾಲೇಜು, ಹಾಸ್ಟೆಲು ಎರಡೂ ಪುಕ್ಕಟ. ನಾನ ಬಂದು ಪರೀಕ್ಷಾ ಮಾಡತೀನಿ."

ಹುಡುಕುವ ತ್ರಾಸೇ ಇರಲಿಲ್ಲ. ಮ್ಯಾಟ್ರಿಕ್ ವರ್ಗದಲ್ಲಿ ಯಲಬುರ್ಗಾ ಕಡೆಯ ಹಳ್ಳಿಯ ಹುಡುಗನೊಬ್ಬ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದ. ಅವನನ್ನು ಅಳೆಯಲು ಸಿಂಪಿಗರ ಟೇಪು ತರಿಸಿದೆ. ಟೇಪು ಭುಜಕ್ಕೇ ಮುಗಿಯಿತು. ಉಳಿದದ್ದನ್ನು ಜವಾನ ಕುರ್ಚಿ ಹತ್ತಿ ಅಳೆದ. ಆರಡಿ ನಾಲ್ಕಂಗುಲ! ಖುಷಿಯಲ್ಲಿ ಎದೆಯನ್ನೂ ಅಳೆದುಬಿಟ್ಟೆ. ಹುಡುಗನ ಮುಖ ಬಿಳಿಚಿಕೊಂಡಿತು.

"ಸರ, ಮನಿಗೆ ಹೋಗಿ ಬರತೀನ್ರಿ" ಅಂದವನು ಹೋದ. ಮರುದಿನ ಬರಲೇ ಇಲ್ಲ.

ಜವಾನನೇ ಬಿಡಿಸಿ ಹೇಳಿದ: "ಎತ್ತರ, ಎದಿ ಎರಡೂ ಅಳದ್ರ ಫೌಜಿಗೆ ಕಳಸ್ತಾರಂತ ಊರಿಗೆಲ್ಲಾ ಗೊತ್ತೈತ್ರಿ. ನೀವು ಸರ್ಕಾರಕ್ಕ ಹುಡುಗರನ್ನ ಹಿಡದು ಕೊಡಾಕ ಹತ್ತೀರಂತ ಸುದ್ದಿ ಆಗೇತಿ."

ನಾನು ದಂಗಾಗಿ ಮೈದಾನಕ್ಕೆ ಓಡಿದೆ. "ಹುಷಾರ್!" ಎಂದೆ. ವರ್ಷಗಟ್ಟಲೆ 'ಬೆನ್ನು ನೆಟ್ಟಗ, ಎದಿ ಮುಂದ' ಎಂದು ನಾನೇ ತಿದ್ದಿದ ಹುಡುಗರು ಅಂದು ಒಬ್ಬರಿಗಿಂತ ಒಬ್ಬರು ಗೂನು ಬೆನ್ನು ಮಾಡಿಕೊಂಡು ನಿಂತಿದ್ದರು.

೨. ಅವ್ವನ ಸವಾಲು

ಹುಡುಗನನ್ನು ಕರೆತರಲು ಚಕ್ಕಡಿ ಹತ್ತಿ ಅವನ ಊರಿಗೆ ಹೋದೆ. ನನ್ನನ್ನು ಕಂಡದ್ದೇ ತಡ, ಅವನು ಹಿತ್ತಲ ಗೋಡೆ ಜಿಗಿದ. ಅವನ ಅವ್ವ ಮಾತ್ರ ಹೆದರುವ ಪೈಕಿ ಅಲ್ಲ. ನೀರು ಕೊಟ್ಟು, ಎದುರಿಗೇ ಕೂತಳು.

"ಫೌಜಲ್ಲವ್ವಾ, ಕಾಲೇಜು. ಅಲ್ಲೆ ಒಂದು ಆಟ ಆಡಬೇಕು" ಎಂದೆ.

"ಎಂಥಾ ಆಟರಿ ಮಾಸ್ತರ?"

"ಕಂಬದ ಮ್ಯಾಲೆ ಬುಟ್ಟಿ ಕಟ್ಟಿರತಾರ. ಅದರಾಗ ಚೆಂಡು ಹಾಕಬೇಕು."

"ಹಾಕಿದ ಮ್ಯಾಲೆ ತಗಿಯೋದು ಹೆಂಗ?"

"ತಗಿಯೂದ ಬ್ಯಾಡ. ಬುಟ್ಟಿಗೆ ತಳ ಇರೂದಿಲ್ಲ. ಚೆಂಡು ತಾನ ಕೆಳಗ ಬೀಳತೈತಿ."

ಅವಳು ನನ್ನನ್ನೇ ನೋಡಿದಳು. ಓದಿದವರಿಗೆ ಹೀಗೂ ಆಗುತ್ತದೆಯೇ ಎಂಬ ಮರುಕ ಆ ನೋಟದಲ್ಲಿತ್ತು.

"ತಳ ಇಲ್ಲದ ಬುಟ್ಟಿ ನಮ್ಮ ಮನ್ಯಾಗ ಎರಡ ಅದಾವ್ರಿ. ಅದಕ್ಕ ಹೈದರಾಬಾದಿಗೆ ಯಾಕ ಹೋಗಬೇಕು? ಹೋಗಲಿ, ಗೆದ್ರ ಏನು ಕೊಡ್ತಾರ?"

"ಬೆಳ್ಳಿ ಬಟ್ಟಲು ಕೊಡ್ತಾರವ್ವಾ."

"ಅದಕ್ಕರ ತಳ ಐತೇನ್ರಿ?"

ಅಷ್ಟರಲ್ಲಿ ಗೋಡೆಯ ಆಚೆಯಿಂದ ಹುಡುಗ ಕೇಳಿದ. ಕೇಳಲು ಅವನು ಹತ್ತಬೇಕಾಗಿರಲಿಲ್ಲ, ತಲೆ ಗೋಡೆಯ ಮೇಲೇ ಇತ್ತು. "ಸರ, ಕಾಲೇಜಿನ್ಯಾಗ ಪುಸ್ತಕ ಭಾಳ ಇರತಾವೇನ್ರಿ?"

"ಒಂದು ಕೋಲಿ ತುಂಬ ಇರತಾವ."

"ಹಂಗಾದ್ರ ಬರತೀನ್ರಿ. ಚೆಂಡೂ ಹಾಕತೀನಿ."

೩. ಹತ್ತಡಿ ಕಂಬ

ನಾನೂ ಆ ಆಟವನ್ನು ಕಣ್ಣಿಂದ ಕಂಡವನಲ್ಲ. ದೋಸ್ತ ಕಾಗದದ ಜೊತೆ ಇಂಗ್ಲಿಷಿನ ನಿಯಮದ ಪುಸ್ತಕವೊಂದನ್ನು ಕಳಿಸಿದ್ದ. ಅದನ್ನು ಹುಡುಗನಿಗೇ ಓದಲು ಕೊಟ್ಟು, ಕಂಬ ಹತ್ತಡಿ ಇರಲೆಂದು ಬಡಿಗೇರನಿಗೆ ಹೇಳಿದೆ. ಕಮ್ಮಾರ ಗಾಡಿ ಚಕ್ರದ ಹಳೆಯ ಕಬ್ಬಿಣ ಬಗ್ಗಿಸಿ ಬಳೆ ಮಾಡಿ, ಕಂಬದ ತುದಿಗೆ ಬಡಿದ.

ಮೊದಲನೇ ದಿನವೇ ಹುಡುಗನ ಕೈಗೆ ಚೆಂಡು ಕೊಟ್ಟೆ. ಹುಡುಗ ಜಿಗಿಯಲಿಲ್ಲ, ಎಸೆಯಲಿಲ್ಲ. ನೆಲುವಿನ ಮೇಲೆ ಮೊಸರಿನ ಗಡಿಗೆ ಇಡುವಂತೆ ಚೆಂಡನ್ನು ಮೆಲ್ಲಗೆ ಬಳೆಯಲ್ಲಿಟ್ಟು ಕೈ ಒರೆಸಿಕೊಂಡ. ನೂರು ಸಲ ಹೇಳಿದರೆ ನೂರು ಸಲವೂ ಇಟ್ಟ. 'ಹತ್ತಡಿ ಕಂಬಕ್ಕೆ ನಿಂತಲ್ಲೇ ಚೆಂಡು ಇಡುತ್ತಾನೆ, ಇಂಥವನು ಹಿಂದೂಸ್ತಾನದಲ್ಲೇ ಇಲ್ಲ' ಎಂದು ದೋಸ್ತನಿಗೆ ಬರೆದೆ. ಅವನು ರಜೆ ಹಾಕಿ ರೈಲು ಹತ್ತಿ ಬಂದ.

ಬಂದವನು ಕಂಬದ ಕೆಳಗೆ ನಿಂತ. ಅವನು ನನ್ನ ಕಿವಿಯಷ್ಟೇ ಎತ್ತರದವನು. ಸುಮ್ಮನೆ ಒಂದು ಸಲ ಕುಪ್ಪಳಿಸಿದ, ಬಳೆ ಅವನ ಕೈಗೂ ಸಿಕ್ಕಿತು!

"ಲೇ, ಹತ್ತಡಿ ಅಂತ ಬರದಿದ್ದೆಲ್ಲೋ?"

ನನಗೆ ತಲೆ ತಿರುಗಿತು. ಬಡಿಗೇರನನ್ನು ಕರೆಸಿದೆ. ಅವನಿಗೆ ಭಾಳ ಸಿಟ್ಟು ಬಂತು.

"ನನ್ನ ಕೆಲಸಕ್ಕ ಹೆಸರಿಡಬ್ಯಾಡ್ರಿ. ಕಂಬ ಬರೋಬ್ಬರಿ ಹತ್ತಡಿ ಐತಿ. ಎಂಟಡಿ ಮ್ಯಾಲೈತಿ, ಎರಡಡಿ ನೆಲದಾಗೈತಿ. ಸಂಶೇ ಇದ್ರ ಅಗದು ನೋಡ್ರಿ!"

೪. ಪರೀಕ್ಷೆ

ಬೇರೆ ಕಂಬ ನೆಟ್ಟು ಮರುದಿನ ಮುಂಜಾನೆ ಪರೀಕ್ಷೆ ಸುರುವಾಯಿತು. ಈಗ ಬಳೆ ಹುಡುಗನ ಕೈಗೆ ಎಟುಕುತ್ತಿರಲಿಲ್ಲ. ಎಸೆದ ಮೊದಲ ಚೆಂಡು ಕಂಬ ದಾಟಿ, ಕಾಂಪೌಂಡು ದಾಟಿ, ಹಾದಿಯಲ್ಲಿ ಹೋಗುತ್ತಿದ್ದ ಮೇವಿನ ಗಾಡಿಯಲ್ಲಿ ಕೂತು ಸ್ಟೇಷನ್ ಕಡೆ ಹೊರಟಿತು. ಜವಾನ ಬೆನ್ನು ಹತ್ತಿ ತಂದ.

ಆಮೇಲೆ ಕುಷ್ಟಗಿಯ ಒಬ್ಬ ಗಿಡ್ಡ ಹುಡುಗನನ್ನು ಎದುರಾಳಿ ಮಾಡಿ ಬಿಟ್ಟೆವು. ಅವನು ಕೈ ಚಾಚಿದ. ನಮ್ಮವನು ಚೆಂಡನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟುಬಿಟ್ಟ.

"ಯಾಕ ಕೊಟ್ಯೋ?" ಎಂದು ನಾನು ಚೀರಿದೆ.

"ಕೇಳಿದ್ನಲ್ರಿ ಸರ!"

ದೋಸ್ತ ತಲೆ ಅಲ್ಲಾಡಿಸಿದ. "ಎತ್ತರ ಐತಿ, ಆಟ ಇಲ್ಲ. ಒಯ್ಯಾಕ ಆಗೂದಿಲ್ಲ." ಪುಸ್ತಕ ತುಂಬಿದ ಕೋಣೆ ಹುಡುಗನ ಕಣ್ಣೆದುರೇ ಬಾಗಿಲು ಹಾಕಿಕೊಂಡಿತ್ತು.

ಅವನಿಗೆ ಸಮಾಧಾನವಾಗಲೆಂದು ದೋಸ್ತ, "ನೋಡು, ಹಿಂಗ ಹಾಕಬೇಕು" ಎಂದು ಚೆಂಡು ಹಿಡಿದು ಓಡಿ, ಬಳೆಯಲ್ಲಿ ಹಾಕಿ ತೋರಿಸಿದ. ನಾವು ಚಪ್ಪಾಳೆ ತಟ್ಟಿದೆವು.

ಹುಡುಗ ತಟ್ಟಲಿಲ್ಲ. "ಸಾಹೇಬ್ರ, ತಪ್ಪಾತ್ರಿ. ಚೆಂಡು ನೆಲಕ್ಕ ಬಡೀಲಾರದ ನಾಕು ಹೆಜ್ಜಿ ಓಡಿದ್ರಿ. ಪುಸ್ತಕದಾಗ ಹಂಗ ಓಡಬಾರದಂತ ಐತ್ರಿ" ಎಂದವನೇ ಆ ನಿಯಮವನ್ನು ಇಂಗ್ಲಿಷಿನಲ್ಲೇ ಗಿಣಿಯಂತೆ ಒಪ್ಪಿಸಿದ.

ಕಾಲೇಜಿನ ಮಾಸ್ತರನ ತಪ್ಪು ಎತ್ತಿ ತೋರಿಸುವುದೆಂದರೇನು! ದೋಸ್ತ ಪುಸ್ತಕ ಇಸಿದುಕೊಂಡು, ಅಲ್ಲೊಂದು ಇಲ್ಲೊಂದು ಕೇಳಿದ. ಹುಡುಗ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ದೋಸ್ತ ನನ್ನನ್ನು ಪಕ್ಕಕ್ಕೆ ಎಳೆದ.

"ಇವನ್ನ ಒಯ್ಯತೀನಿ."

"ಆಟ ಬರೂದಿಲ್ಲಲ್ಲೋ?"

"ನಮ್ಮ ಕಾಲೇಜಿನ್ಯಾಗ ಆಡಾವರು ಬೇಕಾದಷ್ಟು ಮಂದಿ ಅದಾರ. ಓದಾವ ಒಬ್ಬನೂ ಸಿಕ್ಕಿದ್ದಿಲ್ಲ!"

೫. ಹೈದರಾಬಾದಿನಲ್ಲಿ

ಮರುವರ್ಷ ಆ ಕಾಲೇಜಿನ ಹುಡುಗರು ತಮ್ಮತಮ್ಮಲ್ಲೇ ಪಂದ್ಯ ಇಟ್ಟುಕೊಂಡಾಗ ನೋಡಲು ಹೋದೆ. ಹೊಸ ಪಟಕಾ ಸುತ್ತಿಕೊಂಡು, ಗೆರೆಯ ಪಕ್ಕದಲ್ಲೇ ನಿಂತೆ. ನಮ್ಮ ಹುಡುಗ ಮೈದಾನಕ್ಕೆ ಬಂದ. ಕೈಯಲ್ಲಿ ಚೆಂಡಿರಲಿಲ್ಲ, ಬಾಯಲ್ಲಿ ಸೀಟಿ ಇತ್ತು. ಪಂದ್ಯ ನಡೆಸುವವನು ಅವನೇ! ಅವನು ಸೀಟಿ ಊದಿದರೆ ದೊಡ್ಡ ದೊಡ್ಡ ಆಟಗಾರರೂ ಅಲ್ಲೇ ನಿಲ್ಲುತ್ತಿದ್ದರು.

ನನಗೆ ಹಿಗ್ಗು ತಡೆಯಲಾಗಲಿಲ್ಲ. ಪಕ್ಕದವರಿಗೆಲ್ಲ "ನನ್ನ ಹುಡುಗ್ರಿ! ನಾ ಕಲಿಸಿದವ!" ಎನ್ನುತ್ತ, ಕೂಗುತ್ತ, ಕೈ ಬೀಸುತ್ತ ಎಲ್ಲಿಗೆ ಬಂದೆನೋ ನನಗೇ ಗೊತ್ತಿಲ್ಲ. ಸೀಟಿ ಕೂಗಿತು. ಆಟ ನಿಂತಿತು. ಹುಡುಗ ನೆಟ್ಟಗೆ ನನ್ನ ಕಡೆ ನಡೆದುಬಂದ. ಅಷ್ಟು ಮಂದಿಯ ಎದುರು ಬಗ್ಗಿ ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿ ಬಂತು.

ಎದ್ದು ನಿಂತವನು ಬೆರಳು ತೋರಿಸಿ ಹೇಳಿದ: "ಸರ, ಗೆರಿ ದಾಟಿ ಒಳಗ ಬಂದೀರಿ. ಹೊರಗ ಹೋಗ್ರಿ."

ನಾನು ಗರ ಬಡಿದವನಂತೆ ನಿಂತೆ. ಆಮೇಲೆ ಸಿಟ್ಟೂ ಬಂತು. "ಎಲ್ಲಿ ತನಕ ಹೋಗಲೋ?"

ಅವನು ಭಾಳ ವಿನಯದಿಂದ ಹೇಳಿದ:

"ಕೊಪ್ಪಳದ ತನಕ ಬ್ಯಾಡ್ರಿ ಸರ. ಗೇಟಿನ ತನಕ ಹೋದ್ರ ಸಾಕು."