ಮೈನಸ್ ಇಪ್ಪತ್ತೆರಡು

ಹೊನ್ನೇಶನ ಮೇಲೆ ಹೆಂಡತಿ ಮಾಲಿನಿ ಹೊರಿಸಿದ ಆ ವಾರದ ಆರೋಪ ಇಷ್ಟೇ: ಅವನ ಹಾಡುಗಳು ಅವಳ ಅಪ್ಪನನ್ನು ಕೊಲ್ಲುತ್ತಿವೆ. (ಹಿಂದಿನ ವಾರದ ಆರೋಪ ಒದ್ದೆ ಟವೆಲ್ಲಿಗೆ ಸಂಬಂಧಿಸಿದ್ದು. ಅದಿನ್ನೂ ಇತ್ಯರ್ಥವಾಗಿರಲಿಲ್ಲ.)

ಮಾವ ಲಕ್ಷ್ಮಣಪ್ಪನವರು ಚೌಳಹಿರಿಯೂರಿನವರು. ತರೀಕೆರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ಹದಿನೈದು ದಿನದ ವಿಶ್ರಾಂತಿಗೆಂದು ಅಜ್ಜಂಪುರದ ಮಗಳ ಮನೆಗೆ ಬಂದಿದ್ದರು. ಟಿವಿ ನೋಡಬಾರದು, ಪೇಪರ್ ಓದಬಾರದು, ಬಗ್ಗಬಾರದು, ಬೆಚ್ಚಬಾರದು ಎಂದು ಡಾಕ್ಟರು ಹೇಳಿದ್ದರು. ಉಳಿದದ್ದು ಹಾಡು ಕೇಳುವುದೊಂದೇ. ಹಾಡಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಮೈಕ್‌ಸೆಟ್ ಅಂಗಡಿಗಳಿಂದ, ಮದುವೆ ಮನೆಗಳಿಂದ, ಸ್ನೇಹಿತರ ಪೆನ್‌ಡ್ರೈವ್‌ಗಳಿಂದ ಹೊನ್ನೇಶ ಹದಿನೈದು ವರ್ಷ ಕೂಡಿಹಾಕಿದ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಹಾಡುಗಳು ಮಗಳು ಪ್ರಜ್ಞಾಳ ಲ್ಯಾಪ್‌ಟಾಪಿನಲ್ಲಿ ಠಿಕಾಣಿ ಹೂಡಿದ್ದವು. ತೊಂದರೆಯೇನೆಂದರೆ, ಒಂದು ಹಾಡು ಗುಟ್ಟು ಹೇಳಿದರೆ ಇನ್ನೊಂದು ಜಗಳಕ್ಕೇ ಬರುತ್ತಿತ್ತು. ಮಂಗಳವಾರ ಬೆಳಗ್ಗೆ ಮಾವನವರು ಕಿವಿಗೆ ಕೈ ಹಿಡಿದು ಭಜನೆಯೊಂದನ್ನು ಕಷ್ಟಪಟ್ಟು ಆಲಿಸುತ್ತಿದ್ದಾಗ, ಮುಂದಿನ ಡೊಳ್ಳಿನ ಪದ ಧಡಾರನೆ ಎರಗಿ, ಕೈಯಲ್ಲಿದ್ದ ಕಾಫಿಯಷ್ಟೂ ಪಂಚೆಯ ಪಾಲಾಯಿತು.

"ಕಣ್ಣಿನ ಆಪರೇಷನ್ ಆದೋರ್ಗೆ ಹಾರ್ಟಿಂದೂ ಮಾಡಿಸ್ಬೇಕು ಅಂತಿದೀರಾ?" ಎಂದಳು ಮಾಲಿನಿ.

"ನಾನೇನ್ ಮಾಡ್ಲೇ? ಹಾಡಿದೋರು ಹಂಗೆ ಹಾಡವ್ರೆ."

"ಮತ್ತೆ ನನ್ನ ಹಾಡು? ಬಂದಾಗಿಂದ ಅಪ್ಪ ಅದನ್ನ ಹಾಕ್ರೋ ಅಂತ ಬಡ್ಕೊಂತವ್ರೆ. ಹಾಕಿದ್ರೆ ಸೊಳ್ಳೆ ಹಾರಿದಷ್ಟೂ ಸದ್ದಿಲ್ಲ. ಊರೋರ ಹಾಡೆಲ್ಲ ಬೊಬ್ಬೆ ಹೊಡೀತವೆ, ನನ್ನದೊಂದಕ್ಕೆ ಗಂಟಲು ಕಟ್ಟೈತೆ!"

ಇದು ಸುಳ್ಳಲ್ಲ. ಹನ್ನೆರಡು ವರ್ಷದ ಹಿಂದೆ ಕಡೂರಿನಲ್ಲಿ ಅವಳ ತಮ್ಮ ತೀರ್ಥೇಶನ ಮನೆಯ ಗೃಹಪ್ರವೇಶವಾದಾಗ ಮಾಲಿನಿ ಆರತಿ ಹಾಡು ಹಾಡಿದ್ದಳು. ಒಟ್ಟು ಹದಿನಾಲ್ಕು ನುಡಿ. ಹೊನ್ನೇಶ ಅದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದ. ಆಮೇಲೆ ಅವಳು ಸಭೆಯಲ್ಲಿ ಹಾಡಿದ್ದಿಲ್ಲ; ಯಾರೂ ಕರೆಯಲಿಲ್ಲ ಎಂಬ ನೋವು ಅವಳಿಗೆ ಒಳಗೊಳಗೇ ಇತ್ತು. ಅಪ್ಪನಿಗೆ ಮಾತ್ರ ಮಗಳ ದನಿಯೆಂದರೆ ಪ್ರಾಣ.

"ಕಣ್ಣಂತೂ ಬಂತು ಕಣವ್ವ. ಇನ್ನು ನಿನ್ನ ಹಾಡೊಂದು ಕಿವಿ ತುಂಬ ಕೇಳ್ಬಿಟ್ರೆ ಸಾಕು" ಎನ್ನುತ್ತಿದ್ದರು.

ಮಾಲಿನಿ ಗಡುವು ಕೊಟ್ಟಳು. "ಭಾನುವಾರ ಅಪ್ಪನ್ನ ನೋಡೋಕೆ ತೀರ್ಥೇಶ ಬತ್ತಾನೆ. ಅಷ್ಟ್ರೊಳಗೆ ನನ್ನ ಹಾಡು ಬೇರೆ ಹಾಡಿನ ಸಮಕ್ಕೆ ಕೇಳಿಸ್ಬೇಕು. ಇಲ್ಲಾಂದ್ರೆ ಆ ನಾಲ್ಕು ಸಾವಿರಾನೂ ಗುಡಿಸಿ ಹಾಕ್ತೀನಿ."

ಮಾಲಿನಿ ಗುಡಿಸುತ್ತೇನೆ ಎಂದರೆ ಗುಡಿಸಿಯೇ ಬಿಡುವವಳು. ಹೊನ್ನೇಶ ಮಗಳ ಮೊರೆ ಹೋದ.

"ಅಪ್ಪಾ, ಪ್ರತಿ ಹಾಡಿನ ಫೈಲಲ್ಲೂ ಒಂದು ಟ್ಯಾಗ್ ಇರುತ್ತೆ. ಈ ಹಾಡಿನ ಸದ್ದು ಇಷ್ಟು ಏರ್ಸು, ಇಷ್ಟು ಇಳ್ಸು ಅಂತ ಅದು ಪ್ಲೇಯರ್‌ಗೆ ಹೇಳುತ್ತೆ" ಎಂದಳು ಪ್ರಜ್ಞಾ. "ನಿನ್ನ ಹಾಡುಗಳಲ್ಲಿ ಕಂಡೋರೆಲ್ಲ ಟ್ಯಾಗ್ ಬರೆದು ಕುಲಗೆಡಿಸವ್ರೆ. ಹಳೇ ಟ್ಯಾಗ್ ಅಳಿಸಿ, ಕಂಪ್ಯೂಟರ್ ಕೈಲೇ ಸದ್ದನ್ನ ಹೊಸದಾಗಿ ಅಳೆಸಿದ್ರೆ ಎಲ್ಲ ಒಂದೇ ಸಮ ಆಗುತ್ತೆ."

ಟ್ಯಾಗ್ ಎಂದದ್ದೇ ತಡ, ಹೊನ್ನೇಶನ ಬೆನ್ನು ನೆಟ್ಟಗಾಯಿತು. ಅವನು ಪಶು ಆಸ್ಪತ್ರೆಯ ಜಾನುವಾರು ಪರೀಕ್ಷಕ. ಸುತ್ತಲ ಹಳ್ಳಿಗಳಲ್ಲಿ ಅವನ ಕೈಯಿಂದ ಕಿವಿಗೆ ಹಳದಿ ಟ್ಯಾಗ್ ಚುಚ್ಚಿಸಿಕೊಳ್ಳದ ಹಸುವಿಲ್ಲ.

"ಲೇ, ನಂಗೇ ಟ್ಯಾಗ್ ಹೇಳ್ಕೊಡ್ತೀಯಾ? ಒದೆಯೋ ಎಮ್ಮೆಗೇ ಹಾಕಿದೀನಿ. ಹಾಡಿನ ಕಿವಿ ಎಲ್ಲೈತೆ, ಅಷ್ಟು ತೋರ್ಸು."

ಹೀಗೆ ಅಖಿಲ ಅಜ್ಜಂಪುರ ಧ್ವನಿ ಸಮಾನತಾ ಮಹಾಭಿಯಾನ ಶುರುವಾಯಿತು. ಮೂರು ದಿನ ರಜೆ ಹಾಕಿ ಹೊನ್ನೇಶ ಲ್ಯಾಪ್‌ಟಾಪಿನ ಮುಂದೆ ಪದ್ಮಾಸನ ಹಾಕಿದ. ಕೆಲವು ಹಾಡುಗಳಿಗೆ ಎರಡೆರಡು ಟ್ಯಾಗ್ ಇದ್ದವು; ಒಂದು ಏರಿಸು ಅಂದರೆ ಇನ್ನೊಂದು ಇಳಿಸು ಅನ್ನುತ್ತಿತ್ತು. (ಅತ್ತೆ ಸೊಸೆ ಇಬ್ಬರೂ ಇರುವ ಮನೆ ಎಂದುಕೊಂಡ ಹೊನ್ನೇಶ.) ಊಟಕ್ಕೆ ಕರೆದರೆ "ತಡಿಯೇ, ಭಕ್ತಿಗೀತೆ ವಿಭಾಗ ಮುಗೀಲಿ" ಎನ್ನುತ್ತಿದ್ದ. ಹಳೆಯದನ್ನು ಅಳಿಸುವುದು, ಹೊಸದಾಗಿ ಅಳೆಸುವುದು, ಮುಂದಕ್ಕೆ ಹೋಗುವುದು. ಒಂದೊಂದನ್ನೂ ಕೇಳಿ ನೋಡುತ್ತ ಕೂರಲು ಅವನೇನು ಆಕಾಶವಾಣಿಯೇ?

ಶುಕ್ರವಾರ ಮಧ್ಯಾಹ್ನ ಮಾಲಿನಿಯ ಹಾಡಿನ ಸರದಿ ಬಂತು. ಟ್ಯಾಗ್ ನೋಡಿ ಹೊನ್ನೇಶ ಹೌಹಾರಿದ. ಮೈನಸ್ ಇಪ್ಪತ್ತೆರಡು! ಅಂದರೆ ಹಾಡನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ.

"ನೋಡು ಬಾರೇ, ಯಾವನೋ ತಲೆಕೆಟ್ಟೋನು ನಿನ್ನ ಹಾಡಿಗೆ ಮೈನಸ್ ಇಪ್ಪತ್ತೆರಡು ಹಾಕವ್ನೆ! ಯಂತ್ರ ಹಿಂಗೆ ಹಾಕಲ್ಲ, ಬೇಕೂಂತ ಕೈಯಾರೆ ಬರೆದಿರೋದು."

"ಯಾವನ್ರೀ ಅವ್ನು? ಅವನ ಕೈಗೆ ಹುಳ ಬೀಳ!"

"ಬೀಳ್ಲಿ ಬಿಡು" ಎಂದು ಹೊನ್ನೇಶನೂ ಮನಸಾರೆ ಶಪಿಸಿ, ಆ ಟ್ಯಾಗನ್ನು ಕಿತ್ತೊಗೆದ.

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಹಾಲಿನಲ್ಲಿ ನೆರೆದರು. ಮಾವನವರಿಗೆ ದಿಂಬಿನ ಆಸರೆ, ತೀರ್ಥೇಶನಿಗೆ ಕುರ್ಚಿ, ಮಾಲಿನಿಗೆ ಹೊಸ ಸೀರೆ. ಹೊನ್ನೇಶ ಗಂಟಲು ಸರಿಮಾಡಿಕೊಂಡು, "ಇವತ್ತಿಂದ ಈ ಮನೇಲಿ ಯಾರೂ ವಾಲ್ಯೂಮ್ ಮುಟ್ಟಂಗಿಲ್ಲ. ಮುಟ್ಟೋ ಅಗತ್ಯಾನೇ ಇಲ್ಲ" ಎಂದು ಘೋಷಿಸಿದ. ಭಜನೆ ಬಂತು, ಸ್ಪಷ್ಟ. ಡೊಳ್ಳಿನ ಪದ ಬಂತು, ಮಾವನವರ ಕಾಫಿ ಅಲುಗಲಿಲ್ಲ. "ಭೇಷ್ ಅಳೀಮಯ್ಯ" ಎಂದರು. ಹೊನ್ನೇಶ ಎರಡಿಂಚು ಎತ್ತರವಾದ.

ಆಮೇಲೆ ಆರತಿ ಹಾಡು ಶುರುವಾಯಿತು. ಮೊದಲ ನುಡಿ, ಎರಡನೇ ನುಡಿ. ಮಾವನವರ ಕಪ್ಪು ಕನ್ನಡಕದ ಕೆಳಗೆ ನೀರಾಡಿತು. ಮಾಲಿನಿ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು; ಅಷ್ಟು ಸಂತೋಷದಲ್ಲಿ ಅವಳನ್ನು ನೋಡಿ ಹೊನ್ನೇಶನಿಗೇ ಮನಸ್ಸು ತುಂಬಿ ಬಂತು.

ಮೂರನೇ ನುಡಿಯಲ್ಲಿ ಇನ್ನೊಂದು ದನಿ ಕೇಳಿಸಿತು. ಹಾಡಿಗಿಂತ ಹತ್ತಿರ, ಹಾಡಿಗಿಂತ ದೊಡ್ಡದು.

"ಇನ್ನೂ ಹನ್ನೊಂದು ನುಡಿ ಐತೆ ಕಣೋ ತೀರ್ಥೇಶ. ಪಲ್ಲವೀಲಿ ಎಮ್ಮೆ ಕರು ಹುಡುಕ್ತಾ ಇತ್ತು. ಇನ್ನೂ ಸಿಕ್ಕಿಲ್ಲ ಅನ್ಸುತ್ತೆ."

ಹಿಂದೆಯೇ ತೀರ್ಥೇಶನ "ಹಿಹಿಹಿ."

ಆಗ ಹೊನ್ನೇಶನಿಗೆ ಎಲ್ಲವೂ ನೆನಪಾಯಿತು. ಅವತ್ತು ಫೋನ್ ಇದ್ದದ್ದು ಅವನ ಅಂಗಿಯ ಜೇಬಿನಲ್ಲಿ. ಜೇಬಿಗೆ ಹಾಡು ಹತ್ತಡಿ ದೂರ, ಅವನ ಬಾಯಿ ಬರೀ ಗೇಣು ದೂರ. ಮನೆಗೆ ಬಂದು ಕೇಳಿ ಬೆವತದ್ದು, ಅಳಿಸಿದರೆ ಹಾಡೆಲ್ಲಿ ಎಂದು ಹೆಂಡತಿ ಕೇಳುತ್ತಾಳೆಂದು ಹೆದರಿ ಕಂಪ್ಯೂಟರ್ ಅಂಗಡಿಯವನಿಂದ ವಿದ್ಯೆ ಕಲಿತು ಮೈನಸ್ ಇಪ್ಪತ್ತೆರಡರ ಮುಚ್ಚಳ ಹಾಕಿದ್ದು, ಹಾಕಿ ನಿಶ್ಚಿಂತೆಯಿಂದ ಮರೆತದ್ದು! ತಲೆಕೆಟ್ಟವನು ಸಿಕ್ಕಿದ್ದ.

ಹೊನ್ನೇಶ ವಾಲ್ಯೂಮಿಗೆ ಕೈ ಚಾಚಿದ. ಮಾಲಿನಿ ಆ ಕೈಗೆ ಪಟ್ಟೆಂದು ಹೊಡೆದಳು.

"ಮುಟ್ಟಂಗಿಲ್ಲ ಅಂದ್ರಲ್ಲ? ಕೂತ್ಕೊಳ್ಳಿ."

ಏಳನೇ ನುಡಿ. "ಹೊಟ್ಟೆ ಹಸೀತೈತೆ ಕಣೋ. ಊಟಕ್ಕೆ ಹೋದ್ರೂ ಏನೈತೆ, ನಿಮ್ಮಪ್ಪ ಹೋಳಿಗೆಗೆ ತುಪ್ಪ ಹಾಕ್ಸೋದು ಕಣ್ಣಿಗೆ ಡ್ರಾಪ್ಸ್ ಬಿಟ್ಟಂಗೆ."

ತೀರ್ಥೇಶ "ಕಾರಿನ ಟೈರ್ ನೋಡ್ಕೊಂಡು ಬತ್ತೀನಿ" ಎಂದು ಎದ್ದು ಹೋದವನು ಹಾಡು ಮುಗಿದರೂ ಬರಲಿಲ್ಲ. ಹೊನ್ನೇಶನಿಗೆ ಓಡಲು ಕಾರೂ ಇರಲಿಲ್ಲ. ಹದಿನಾಲ್ಕು ನುಡಿಯನ್ನೂ, ಎಂಟು ವಿಮರ್ಶೆಗಳನ್ನೂ ಅವನು ಕೂತು ಕೇಳಿದ. ಪ್ರತಿ ಅಕ್ಷರವೂ ಸಮಾನ, ಸ್ಪಷ್ಟ. ಕೊನೆಗೆ ಮಾವನವರು ನಿಧಾನವಾಗಿ ಕನ್ನಡಕ ಸರಿಪಡಿಸಿಕೊಂಡರು.

"ಅವತ್ತೇ ಹೇಳಿದ್ರೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸ್ತಿದ್ನಲ್ಲ ಅಳೀಮಯ್ಯ" ಎಂದವರು ನಗಲು ಶುರುಮಾಡಿದರು. ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ. "ಪ್ರಜ್ಞಾ, ಇನ್ನೊಂದ್ಸಲ ಹಾಕವ್ವ."

ಪ್ರಜ್ಞಾ ಇನ್ನೊಂದು ಸಲ ಹಾಕಿದ್ದಷ್ಟೇ ಅಲ್ಲ, ಬಂಧುಗಳ ವಾಟ್ಸಾಪ್ ಗುಂಪಿಗೂ ಹಾಕಿದಳು. ಸಂಜೆಯೊಳಗೆ ಅದು ಕಡೂರು ತಾಲ್ಲೂಕನ್ನು ದಾಟಿತು.

ಮಾಲಿನಿ ಎರಡು ದಿನ ಮಾತಾಡಲಿಲ್ಲ. ಬೈದಿದ್ದರೆ ಹೊನ್ನೇಶ ಬದುಕಿಕೊಳ್ಳುತ್ತಿದ್ದ. ಒದ್ದೆ ಟವೆಲ್ಲನ್ನು ತಾನೇ ಒಣಗಿಸಿದ, ತರಕಾರಿ ಹೆಚ್ಚಿದ, "ಬೇಕಾದ್ರೆ ಎಲ್ಲ ಹಾಡೂ ಅಳಿಸ್ಬಿಡ್ತೀನಿ ಕಣೇ" ಎಂದ. ಬುಧವಾರ ಹಿರೇನಲ್ಲೂರಿನಿಂದ ಅವಳ ಚಿಕ್ಕಮ್ಮ ಜಯಲಕ್ಷ್ಮಮ್ಮನ ಫೋನ್ ಬಂತು. ಮಾಲಿನಿ ಅರ್ಧ ಗಂಟೆ ಮಾತಾಡಿದಳು. ನಡುವೆ ನಕ್ಕಳು ಕೂಡ. ಫೋನ್ ಇಟ್ಟು ಬಂದವಳ ಮುಖ ಬೆಳಗುತ್ತಿತ್ತು.

"ಬರೋ ಭಾನುವಾರ ಚಿಕ್ಕಮ್ಮನ ಮೊಮ್ಮಗೂಗೆ ನಾಮಕರಣ. ನಾನೇ ಆರತಿ ಹಾಡ್ಬೇಕಂತೆ. ಹದಿನಾಲ್ಕು ನುಡೀನೂ."

"ಹೋಗ್ಬಿಟ್ಟು ಬಾರೇ! ನಂಗೆ ಬಾಳ ಸಂತೋಷ ಆಯ್ತು" ಎಂದ ಹೊನ್ನೇಶ. ನಿಜವಾಗಿಯೂ ಸಂತೋಷವಾಗಿತ್ತು.

"ನೀವೂ ಬರ್ಬೇಕಂತೆ. ಎರಡು ಮೈಕ್ ಇಡಿಸ್ತಾರಂತೆ. ಮಧ್ಯ ಮಧ್ಯ ನಿಮ್ಮ ಮಾತಿಲ್ಲದಿದ್ರೆ ಹಾಡು ಸಪ್ಪೆ ಅಂತ ಎಲ್ರೂ ಅಂದ್ರಂತೆ."

"ಅಯ್ಯಯ್ಯೋ! ಅಷ್ಟು ಜನರ ಮುಂದೆ ನಾನೇನೇ ಹೇಳ್ಲಿ?"

ಮಾಲಿನಿ ಮಗಳ ನೋಟ್‌ಬುಕ್ಕು ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

"ಅದನ್ನ ನಾನು ಬರ್ಕೊಡ್ತೀನಿ. ನೀವು ಬಾಯಿಪಾಠ ಮಾಡ್ಕೊಳ್ಳಿ."