ಭಾವನ ಕಾರಿಗೆ ಕಡ್ಡಿ ಗಾಲಿ

ನಮ್ಮ ಭಾವನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿದೆ. ಹೀಗೆಂದ ಕೂಡಲೇ ನೀವು ಕಣ್ಣರಳಿಸುತ್ತೀರಿ, ಗೊತ್ತು. ಎಲ್ಲರೂ ಅರಳಿಸುತ್ತಾರೆ. 'ನಿಮಗೇನ್ರೀ ಮೇಷ್ಟ್ರೇ, ಭಾನುವಾರ ಬಂದ್ರೆ ಭಾವನ ಜೊತೆ ಜುಮ್ ಅಂತ ಹೊರಟುಬಿಡ್ತೀರಿ' ಎಂದು ಸ್ಕೂಲಿನಲ್ಲಿ ಹೊಟ್ಟೆ ಉರಿದುಕೊಳ್ಳುವವರಿದ್ದಾರೆ. ಹೊರಡುತ್ತೇನೆ, ಸುಳ್ಳಲ್ಲ. ಆದರೆ ಕಾರಿನಲ್ಲಲ್ಲ ಸ್ವಾಮಿ, ಕಾರಿನ ಹಿಂದೆ! ನನ್ನ ಹಳೇ ಸ್ಕೂಟರಿನಲ್ಲಿ, ಕಾಲ ಹತ್ತಿರ ಜಾಕು, ಹಿಂದಿನ ಸೀಟಿಗೆ ಕಟ್ಟಿದ ನೀರಿನ ಕ್ಯಾನು, ಹ್ಯಾಂಡಲ್ಲಿಗೆ ನೇತುಹಾಕಿದ ಸ್ಪ್ಯಾನರ್ ಚೀಲ. ಹನ್ನೊಂದು ವರ್ಷದಿಂದ ಇದೇ ನನ್ನ ಭಾನುವಾರ. ಹುಣಸೂರು ತಾಲ್ಲೂಕಿನಲ್ಲಿ ಸ್ಪೋರ್ಟ್ಸ್ ಕಾರಿನ ಹೊಗೆಯನ್ನು ನನ್ನಷ್ಟು ಕುಡಿದವರು ಇನ್ನೊಬ್ಬರಿಲ್ಲ.

ಕಾರಿನಲ್ಲಿ ಯಾಕೆ ಕೂರುವುದಿಲ್ಲ ಎಂದು ಕೇಳುತ್ತೀರಿ. ಅದಕ್ಕಿರುವುದೇ ಎರಡು ಸೀಟು. ಬಲಗಡೆಯದು ಭಾವನದು. ಎಡಗಡೆಯದು ನನ್ನ ಅಕ್ಕನದು. ಅಕ್ಕ ಕೂರುವುದಿಲ್ಲ, ಬೇರೆಯವರು ಕೂರಲು ಭಾವ ಬಿಡುವುದಿಲ್ಲ. ಒಂದು ಸಲ ಬಿಸಿಲಿಗೆ ತಲೆ ಸುತ್ತಿ ಬಂದು ಸುಮ್ಮನೆ ಆ ಸೀಟಿಗೆ ಒರಗಿ ನಿಂತಿದ್ದೆ. 'ಏಯ್, ಅದು ನಿಮ್ಮಕ್ಕನ ಸೀಟು ಕಣ್ಲಾ, ಬಿಸಿ ಮಾಡ್ಬ್ಯಾಡ' ಎಂದರು. ಅಕ್ಕಿ ಮೂಟೆ, ಹಿಂಡಿ ಮೂಟೆ, ಬಾಳೆಗೊನೆ, ಏನೇ ಇದ್ದರೂ ಸ್ಕೂಟರಿಗೇ. ಸೀಟು ಮಾತ್ರ ದಿನಾ ಒರೆಸಿಕೊಂಡು ಖಾಲಿ ಕೂತಿರುತ್ತದೆ.

ಇದಕ್ಕೆಲ್ಲ ಕಾರಣ ಗಾಲಿ. ಭಾವ ಪಿರಿಯಾಪಟ್ಟಣದ ದಾರಿಯ ಒಂದು ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ರೈತರು. ಹನ್ನೊಂದು ವರ್ಷದ ಹಿಂದೆ ಕೊಡಗಿನ ಗಡಿಯ ಕೊಪ್ಪದ ಆಚೆ, ಯಾವುದೋ ತೋಟದ ಮನೆಗೆ ಗೊಬ್ಬರದ ವಿಚಾರ ಮಾತಾಡಲು ಹೋದವರು ಈ ವಿಲಾಯತಿ ಕಾರು ತಂದುಬಿಟ್ಟರು. ಅದರೊಳಗೆ ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತಂತೆ. ಎಬ್ಬಿಸಿದರೆ ಪಾಪ ಎಂದು ಕೋಳಿಯನ್ನೂ ಸೇರಿಸಿಯೇ ತಂದರು! ಮೇಲೆ ಚಾವಣಿ ಇಲ್ಲ, ನೆಲಕ್ಕೆ ಮುಟ್ಟುವಷ್ಟು ತಗ್ಗು, ಬಣ್ಣ ಕೆಂಪು. ಮರಿಗಳು ಹೊರಬಿದ್ದ ಮೇಲೆ ತೊಳೆದು, ಅಕ್ಕನಿಗೆ ರೇಷ್ಮೆ ಸೀರೆ ಉಡಿಸಿ, ಕೆ.ಆರ್.ನಗರದ ಅವಳ ತವರುಮನೆಗೆ ಹೊರಟರು. ಹುಣಸೂರಿನ ಬಸ್ ಸ್ಟ್ಯಾಂಡ್ ಎದುರಿಗೆ ಬರುವ ಹೊತ್ತಿಗೆ ತುಕ್ಕು ಹಿಡಿದ ರಿಮ್ಮು ಫಟ್ ಎಂದು ಸೀಳಿ ಕಾರು ಕುಸಿದು ಕೂತಿತು. ಮೂರು ಬಸ್ಸಿನ ಜನ ಇಳಿದು ಬಂದು ನೋಡಿದರು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ, ಅಷ್ಟು ಜನರ ಮಧ್ಯೆ ಒಬ್ಬಳೇ ನಡೆದು ಆಟೋ ಹತ್ತಿದಳು. ಹತ್ತುವ ಮುಂಚೆ ಒಂದೇ ಮಾತು ಹೇಳಿದಳು.

'ಈ ಕಾರಿಗೆ ಮರ್ಯಾದಸ್ತ ಗಾಲಿ ಬರೋಗಂಟ ನಾನು ಕೂರಕ್ಕಿಲ್ಲ. ಮನೆ ದುಡ್ಡು, ಸೊಪ್ಪಿನ ದುಡ್ಡು ಮುಟ್ಟಂಗೂ ಇಲ್ಲ.'

ಆವತ್ತಿನಿಂದ ಭಾವನಿಗೆ ಬದುಕಿನಲ್ಲಿ ಒಂದೇ ಗುರಿ. ಅಕ್ಕನನ್ನು ಆ ಸೀಟಿನಲ್ಲಿ ಕೂರಿಸಬೇಕು. ನನಗೂ ಒಂದೇ ಗುರಿ. ಅವಳು ಕೂತರೆ ನಾನು ಮನೆಯಲ್ಲಿ ಮಲಗಬಹುದು.

ಬಂಡವಾಳ ಎಂದರೆ ಬ್ಯಾರನ್ ಪಕ್ಕದ ನಾಲ್ಕು ತೆಂಗಿನ ಮರ. ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ ಮನೆಯೇ ಕಾರಿನ ಶೆಡ್ಡೂ ಹೌದು. ಎಳನೀರು ಮಾರಿ ಬಂದದ್ದು ಗಾಲಿಗೆ, ಮರಕ್ಕೊಂದು ಗಾಲಿ ಎಂದು ಭಾವನ ಯೋಜನೆ. ಮೊದಲ ವರ್ಷ ಹಳೇ ರಿಮ್ಮಿಗೆ ಬೆಸುಗೆ ಹಾಕಿಸಿ, ಗೇಟಿಗೆ ಬಳಿದು ಮಿಕ್ಕ ಬೆಳ್ಳಿ ಬಣ್ಣ ಬಳಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, 'ಗೇಟು ಚೆನ್ನಾಗೈತೆ' ಎಂದು ಒಳಗೆ ಹೋದಳು.

ಆಮೇಲೆ ಗುಜರಿಯಲ್ಲಿ ಜೀಪಿನ ಗಾಲಿ ಸಿಕ್ಕವು. ಗಟ್ಟಿ ಇದ್ದವು, ಒಪ್ಪುತ್ತೇನೆ. ಆದರೆ ಎಡಕ್ಕೆ ತಿರುಗಿಸಿದರೆ ಟೈರು ಮಡ್ಗಾರ್ಡಿಗೆ ಉಜ್ಜಿ ಕಿರ್ರೋ ಎಂದು ನಿಂತುಬಿಡುತ್ತಿತ್ತು. ಹೊಸ ಗಾಲಿ ತೆಗೆಯುತ್ತಾರೆಯೇ? ಎಡಕ್ಕೆ ತಿರುಗುವುದನ್ನೇ ನಿಲ್ಲಿಸಿದರು! ಒಂದು ತಿಂಗಳು ಭಾವ ಎಲ್ಲಿಗೆ ಹೋದರೂ ಬಲಕ್ಕೇ. ಊರ ಸಂತೆಗೆ ಎಡಕ್ಕೆ ಹೋಗಬೇಕಾದಲ್ಲಿ ಕೆರೆ ಏರಿ ಸುತ್ತಿ, ಸೊಸೈಟಿ ಹಿಂದೆ ಹಾದು, ಬಂದ ಕಡೆಗೇ ಬಂದು ಸೇರುತ್ತಿದ್ದರು. ಹಿಂದೆ ನಾನು.

'ಭಾವ, ಇದೆಲ್ಲ ಬೇಕಾ?' ಎಂದೆ ಒಂದು ದಿನ, ಸ್ಕೂಟರಿನ ಪೆಟ್ರೋಲು ಮುಗಿದಾಗ.

'ಮೂರು ಕಿತ ಬಲಕ್ಕೆ ತಿರುಗಿದ್ರೆ ಒಂದು ಕಿತ ಎಡಕ್ಕೆ ತಿರುಗ್ದಂಗೆ ಅಲ್ವೇನ್ಲಾ? ನೀನು ಲೆಕ್ಕದ ಮೇಷ್ಟ್ರು, ನೀನೇ ಏಳು.'

ಲೆಕ್ಕದ ಮೇಷ್ಟ್ರಾಗಿ ನಾನು ಒಪ್ಪಲೇಬೇಕಾಯಿತು. ಇಂಥ ಮನುಷ್ಯನ ಜೊತೆ ವಾದ ಮಾಡಿ ಯಾರಿಗೆ ತಾನೇ ಲಾಭ?

ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಇದೇ ಕಾರು, ಆದರೆ ಸೈಕಲ್ಲಿಗೆ ಇರುವ ಹಾಗೆ ಕಡ್ಡಿ ಕಡ್ಡಿಯ ಗಾಲಿ, ನಡುವೆ ಎರಡು ಕಿವಿ ಇರುವ ದೊಡ್ಡ ನಟ್ಟು. ಅಕ್ಕ ಹಿಂದಿನಿಂದ ಇಣುಕಿ ನೋಡಿ 'ಹೂಂ, ಇದು ಗಾಲಿ' ಎಂದುಬಿಟ್ಟಳು. ಆಯಿತು! ಅವಳು ಆ ಮೂರು ಮಾತು ನುಂಗಿಕೊಂಡಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು. ಹೊಸದನ್ನು ತರಿಸಲು ನಾಲ್ಕು ತೆಂಗಿನ ಮರವಲ್ಲ, ನಾಲ್ಕು ತೋಪು ಬೇಕಿತ್ತು. ಹಾಗಾಗಿ ಹಳೆಯವನ್ನು ಹುಡುಕಲು ಹೊರಟೆವು. ಅವರು ಕಾರಿನಲ್ಲಿ, ನಾನು ಸ್ಕೂಟರಿನಲ್ಲಿ.

ಎರಡು ಗಾಲಿ ಕೊಪ್ಪದ ಗುಜರಿ ಅಂಗಡಿಯಲ್ಲೇ ಸಿಕ್ಕವು. ಮೂರನೆಯದು ಸಿಕ್ಕಿದ್ದು ಹೊಸ ಅಗ್ರಹಾರದಲ್ಲಿ, ಒಬ್ಬರ ಕಬ್ಬಿನ ಹಾಲಿನ ಗಾಡಿಯಲ್ಲಿ. ಕಬ್ಬು ಅರೆಯುವ ಯಂತ್ರಕ್ಕೆ ಕೈಯಲ್ಲಿ ತಿರುಗಿಸುವ ಚಕ್ರ ಮುರಿದಿದ್ದರಿಂದ ಆ ಪುಣ್ಯಾತ್ಮರು ಎಲ್ಲಿಂದಲೋ ಈ ಗಾಲಿ ತಂದು ಹಿಡಿ ಬೆಸೆದು ತಿರುಗಿಸುತ್ತಿದ್ದರು. ಭಾವ ನೇರವಾಗಿ ಕೇಳಲಿಲ್ಲ. ಒಂದು ಗ್ಲಾಸು ಕುಡಿದು ಮಳೆ ವಿಚಾರ ಮಾತಾಡಿದರು. ಎರಡನೇ ಗ್ಲಾಸಿಗೆ ನಾಲೆ ನೀರಿನ ವಿಚಾರ. ಆರು ಗ್ಲಾಸಾದ ಮೇಲೆ ಗಾಲಿ ಎಂಬ ಮಾತು ತೆಗೆದರು. ನನಗೂ ಆರು ಕುಡಿಸಿದರು, ಮರ್ಯಾದೆಗೆ. ಗಾಡಿಯವರು ಬದಲಿ ಚಕ್ರ ತಂದುಕೊಟ್ಟರೆ ಕೊಡುತ್ತೇನೆ ಎಂದರು. ನನ್ನ ಸ್ಕೂಟರಿನ ಹಿಂದೆ ಆವತ್ತು ಬದಲಿ ಚಕ್ರ ಬಂತು, ಗಾಲಿ ಹೋಯಿತು. ನನಗೆ ಎರಡು ದಿನ ಹೊಟ್ಟೆ ಸರಿ ಇರಲಿಲ್ಲ.

ನಾಲ್ಕನೆಯದು ಎಚ್.ಡಿ.ಕೋಟೆ ಕಡೆ ಒಂದು ಅಂಗಳದಲ್ಲಿ ಕೋಳಿಮರಿಗಳ ಮೇಲೆ ಬೋರಲು ಬಿದ್ದಿತ್ತು. ಹದ್ದು ಎತ್ತಿಕೊಂಡು ಹೋಗದ ಹಾಗೆ ಮರಿಗಳನ್ನು ಅದರಡಿ ಕೂಡಿದ್ದರು. ಆ ಮನೆಯ ಅಜ್ಜಿ, 'ಗಾಲಿ ತಕ್ಕಂಡೋಗಪ್ಪ, ಮರಿ ನೀನು ಕಾಯ್ತೀಯಾ?' ಎಂದು ಕೇಳಿದಳು. ಭಾವ ಯೋಚನೆ ಮಾಡಿದರು. ಆಮೇಲೆ ನನ್ನ ಕಡೆ ನೋಡಿದರು. ಬಿದಿರಿನ ಮಂಕರಿ ಕೊಂಡು ತರಲು ಭಾವ ಸಂತೆಗೆ ಹೋಗಿ ಬರುವ ತನಕ ಲೆಕ್ಕದ ಮೇಷ್ಟ್ರು ಒಬ್ಬರು ಕೋಲು ಹಿಡಿದು ಕೋಳಿಮರಿ ಕಾದರು ಎಂಬುದನ್ನು ನೀವು ನನ್ನ ವಿದ್ಯಾರ್ಥಿಗಳಿಗೆ ಹೇಳಬಾರದು.

ನಾಲ್ಕು ಗಾಲಿಯೂ ಹುಣಸೂರಿನ ಬಾಷಾ ಭಾಯ್ ಹತ್ತಿರ ಹೋದವು. ಭಾಯ್ ಲೇತ್ ಇಟ್ಟುಕೊಂಡವರು. ಬ್ಯಾರನ್ನುಗಳಿಗೆ ಹೊಗೆ ಕೊಳವೆ ಮಾಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಕಡ್ಡಿ ಒಂದೊಂದನ್ನೂ ಬೆರಳಲ್ಲಿ ಮೀಟಿ, ಕಿವಿಗೊಟ್ಟು ಕೇಳಿ, ಸಡಿಲ ಇದ್ದದ್ದನ್ನು ಬಿಗಿದರು. ಗಾಲಿ ಕೂರಲು ನಾಲ್ಕು ಹಬ್, ಬಿಗಿಯಲು ನಾಲ್ಕು ಕಿವಿ ನಟ್ಟು ಕಡೆದುಕೊಟ್ಟರು. ಕೊಡುವಾಗ ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎಡಗಡೆಯವಕ್ಕೆ ಒಂದು ಗೆರೆ, ಬಲಗಡೆಯವಕ್ಕೆ ಎರಡು.

'ದೇಖೋ ಅಣ್ಣಾ, ಎಡಗಡೆ ಬಲಗಡೆ ನಟ್ಟಿನ ಸುತ್ತು ಒಂದಕ್ಕೊಂದು ಉಲ್ಟಾ ಇರ್ತದೆ. ಸರಿ ಹಾಕಿದ್ರೆ ಓಡ್ತಾ ಓಡ್ತಾ ನಟ್ಟು ಬಿಗಿ ಆಗ್ತದೆ. ಅದಲು ಬದಲು ಆದ್ರೆ ಓಡ್ತಾ ಓಡ್ತಾ ಬಿಚ್ಕೊಳ್ತದೆ. ನಾನು ಮೈಸೂರಲ್ಲಿ ಮದ್ವೆ ಮುಗಿಸ್ಕೊಂಡು ಬಂದು ಹಾಕಿಕೊಡ್ಲಾ?' ಎಂದರು.

'ಗುರ್ತು ಐತಲ್ಲ ಭಾಯ್, ನಾನೇ ಆಕ್ಕೊತೀನಿ. ಆಯುಧಪೂಜೆಗೆ ಗಾಡಿ ಓಡ್ಬೇಕು' ಎಂದರು ಭಾವ. ಅಕ್ಕ ಆಗಲೇ ಮಾತು ಕೊಟ್ಟಾಗಿತ್ತು. ಪೂಜೆ ದಿನ ಪಿರಿಯಾಪಟ್ಟಣಕ್ಕೆ ಹೋಗಿ, ನಾಲ್ಕು ಗಾಲಿಯ ಸಮೇತ ವಾಪಸು ಬಂದರೆ ಸಾಯಂಕಾಲ ಕೂರುತ್ತಾಳೆ. ಹನ್ನೊಂದು ವರ್ಷದ ತಪಸ್ಸಿಗೆ ಒಂದೇ ದಿನದ ಪರೀಕ್ಷೆ.

ಪೂಜೆಯ ಬೆಳಿಗ್ಗೆ ನಾನು ಹೋದಾಗ ಅಂಗಳದಲ್ಲಿ ಬಾಳೆಲೆ ಹಾಸಿತ್ತು. ಅದರ ಮೇಲೆ ನಾಲ್ಕು ಹಬ್, ನಾಲ್ಕು ನಟ್ಟು, ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಫಳಫಳ. ಪ್ರತಿಯೊಂದಕ್ಕೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೆ ಒಂದೊಂದು ಚೆಂಡು ಹೂವು. ಅಕ್ಕ ಸೆರಗು ಸಿಕ್ಕಿಸಿಕೊಂಡು ಗಾಲಿಯ ಕಡ್ಡಿಗಳನ್ನು ಒರೆಸುತ್ತಿದ್ದಳು. ಭಾವ ಜಗಲಿಯ ಕಂಬ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದರು.

'ಭಾವ, ಭಾಯ್ ಎಳೆದ ಗೆರೆ ಎಲ್ಲಿ?' ಎಂದು ಪಿಸುಗುಟ್ಟಿದೆ.

'ಅವೆ ಬುಡ್ಲಾ. ನಂಗೊತ್ತು' ಎಂದು ನನ್ನ ಮೇಲೆ ರೇಗಿದರು.

ಗೊತ್ತಿದ್ದವರ ಹಾಗೆಯೇ ಹಾಕಿದರು. ಮರದ ಕೊಡತಿಯಲ್ಲಿ ಹೊಡೆದು ನಟ್ಟು ಬಿಗಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಕಾರು ಹೊರಟಾಗ ಕಡ್ಡಿಗಳೆಲ್ಲ ಬಿಸಿಲಿಗೆ ಮಿನುಗಿ, ಸತ್ಯವಾಗಿ ಹೇಳುತ್ತೇನೆ, ನನಗೂ ಸೊಂಟ ನೋವು ಮರೆತುಹೋಯಿತು. ಆದರೆ ಭಾವ ಯಾಕೋ ಎತ್ತಿನ ಗಾಡಿಗಿಂತ ನಿಧಾನ ಓಡಿಸುತ್ತಿದ್ದರು. ಹೂವಿನ ಹಾರ ಹಾಕಿದ ಆಟೋಗಳೆಲ್ಲ ನಮ್ಮನ್ನು ದಾಟಿ ಹೋದವು. ಮೂರನೇ ಹಳ್ಳಿ ದಾಟಿದ ಮೇಲೆ ಇನ್ನೊಂದೂ ದಾಟಿತು. ಅದು ಆಟೋ ಅಲ್ಲ, ಬರೀ ಗಾಲಿ!

'ಯಾವನ್ಲಾ ಅವ್ನು, ಗಾಲಿ ಬುಟ್ಬುಟ್ಟವ್ನೆ!' ಎಂದು ಭಾವ ಕೂಗಿದ್ದು ನನಗೆ ಕೇಳಿಸಿತು. ಮರುಕ್ಷಣ ಕಾರು ಎಡಗಡೆ ಮೂತಿಯನ್ನು ರಸ್ತೆಗೆ ಊರಿ ನಿಂತಿತು. ಗಾಲಿ ಮಾತ್ರ ಯಾರ ಹಂಗೂ ಇಲ್ಲದೆ ಚರಂಡಿ ಹಾರಿ ರಾಗಿ ಹೊಲಕ್ಕೆ ನುಗ್ಗಿತು.

ಯಾರಿಗೂ ಏನೂ ಆಗಲಿಲ್ಲ. ಭಾವ ಇಳಿದು ಬದುವಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅಕ್ಕನಿಗೆ ಫೋನ್ ಮಾಡಿದೆ. 'ಅಕ್ಕ, ಊಟಕ್ಕೆ ಕಾಯಬೇಡ' ಎಂದೆ.

'ಎಷ್ಟು ಗಾಲಿ ಉಳ್ದವೆ?' ಎಂದಳು.

'ಮೂರು.'

ಫೋನ್ ಇಟ್ಟಳು. ಅರ್ಧ ಗಂಟೆಯಲ್ಲಿ ಆಟೋ ಬಂತು. ಅಕ್ಕ ಇಳಿದಳು, ಅದೇ ಹನ್ನೊಂದು ವರ್ಷದ ಹಿಂದಿನ ರೇಷ್ಮೆ ಸೀರೆ. ಕೈಯಲ್ಲಿ ಊಟದ ಕ್ಯಾರಿಯರ್. ಸಾಯಂಕಾಲ ಕೂರಲು ಆಗಲೇ ಉಟ್ಟು ಸಿದ್ಧವಾಗಿದ್ದಳು ಎಂದು ನನಗೆ ಹೊಳೆಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! 'ಎಲ್ಲಾ ಆ ಭಾಯ್ ಗುರುತಿನಿಂದ ಆಗಿದ್ದು ಅಕ್ಕ. ಸೀಮೆಸುಣ್ಣದಲ್ಲಿ ಎಡಕ್ಕೊಂದು ಗೆರೆ, ಬಲಕ್ಕೆರಡು ಗೆರೆ ಹಾಕಿದ್ರು. ಬೆಳಿಗ್ಗೆ ನೋಡಿದ್ರೆ ನನಗಂತೂ ಕಾಣಲಿಲ್ಲ' ಎಂದೆ.

ಅಕ್ಕ ನಿಂತಲ್ಲೇ ನಿಂತಳು. 'ಅದು ಗುರ್ತಾ? ನಾನು ಕೊಳೆ ಅಂತ ತೊಳ್ದುಬುಟ್ನಲ್ಲೋ' ಎಂದಳು. ಆಮೇಲೆ ಭಾವನ ಕಡೆ ತಿರುಗಿ, 'ನೀವು ಅಲ್ಲೇ ನಿಂತಿದ್ರಲ್ಲ, ನೋಡ್ಲಿಲ್ವಾ?' ಎಂದಳು.

'ನೋಡ್ದೆ' ಎಂದರು ಭಾವ, ಟವೆಲ್ಲು ತೆಗೆಯದೆ.

'ನೋಡಿ ಸುಮ್ಕಿದ್ರಾ? ಒಂದು ಮಾತು ಏಳ್ಬಾರ್ದಾ?'

'ಎಂಗಮ್ಮಿ ಏಳ್ಲಿ? ಅನ್ನೊಂದು ವರ್ಸದಲ್ಲಿ ಮೊದಲ್ನೇ ಕಿತ ನೀನಾಗ್ ನೀನೇ ಬಂದು ಈ ಕಾರಿನ್ದು ಒಂದು ಸಾಮಾನು ಮುಟ್ಟಿದ್ದೆ. ಅದ್ನ ತಪ್ಪು ಅಂತ ನಾನು ಎಂಗ್ ಅನ್ಲಿ?'

ಆಟೋದವನು ಬಾಡಿಗೆ ಕೇಳುವುದನ್ನು ಮರೆತು ನಿಂತಿದ್ದ. ಅಕ್ಕ ಸೀರೆ ನೆರಿಗೆ ಎತ್ತಿ ಹಿಡಿದು ಕಾರಿನ ಹತ್ತಿರ ಹೋದಳು. ಎಡಗಡೆ ಬಾಗಿಲು ನೆಲಕ್ಕೆ ತಗುಲಿ ಅರ್ಧ ಮಾತ್ರ ತೆರೆಯಿತು. ಆ ಸಂದಿಯಲ್ಲೇ ನುಸುಳಿ, ಓರೆಯಾದ ಸೀಟಿನಲ್ಲಿ ಜಾರದ ಹಾಗೆ ಕೈ ಊರಿ ಕೂತಳು. ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡಳು.

'ಬನ್ನಿ, ಕೂತ್ಕಳಿ. ಒಬ್ಬಟ್ಟು ಆರೋಯ್ತದೆ' ಎಂದಳು.

ಭಾವ ಎದ್ದರು. ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು, ಅದೇ ಟವೆಲ್ಲಿನಲ್ಲಿ ತಮ್ಮ ಸೀಟನ್ನೂ ಒರೆಸಿ, ಹತ್ತಿ ಕೂತು, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟರು. ಎಲ್ಲಿಗೋ ಹೊರಟವರ ಹಾಗೆ. ನಾನು ಇಷ್ಟು ವರ್ಷ ಈ ಮನುಷ್ಯನಿಗೆ ಕಾರಿನ ಹುಚ್ಚು ಎಂದುಕೊಂಡಿದ್ದೆ. ನಾಚಿಕೆಯಾಯಿತು.

'ಬಾಮೈದಾ, ನೀನೂ ಬಾರ್ಲಾ ಉಣ್ಣಾಕೆ' ಎಂದು ಕರೆದರು.

'ಗಾಲಿ ಹುಡುಕಿಕೊಂಡು ಬರ್ತೀನಿ ಭಾವ, ನೀವು ಊಟ ಮಾಡ್ತಿರಿ' ಎಂದು ರಾಗಿ ಹೊಲಕ್ಕೆ ಇಳಿದೆ. ಇಪ್ಪತ್ತು ಹೆಜ್ಜೆಯಲ್ಲೇ ಗಾಲಿ ಬಿದ್ದಿತ್ತು, ಕಡ್ಡಿ ಒಂದೂ ಮುರಿದಿರಲಿಲ್ಲ. ಅದನ್ನು ದಾಟಿ ಮುಂದೆ ಹೋಗಿ, ಇನ್ನೂ ಒಂದು ಗಂಟೆ ಹುಡುಕಿದೆ.