ಓಗುಟುವಿನ ಉಸಿರು

ಬೆಳಿಗ್ಗೆ ಯಂತ್ರ ಒರೆಸುತ್ತಿದ್ದ ಜವಾನ ಓಗುಟು, ಕೈಗೆ ಕೆಲಸವಿದ್ದರೂ ಬಾಯಿ ಸುಮ್ಮನಿರದೆ, ಅದರ ಉಸಿರಿನ ಚೀಲಕ್ಕೊಮ್ಮೆ ಊದಿಬಿಟ್ಟ. ಕೆಂಪು ದೀಪ ಹತ್ತಿತು.

ಸರೋವರದ ದಡದ ಕಿಸುಮು ಊರಿನ ಆ ಪ್ರಯೋಗಾಲಯದವರೆಲ್ಲ ಇಷ್ಟು ವರ್ಷ ಹೆಣಗಿದ್ದು ಈ ಯಂತ್ರಕ್ಕಾಗಿಯೇ. ಮಲೇರಿಯಾದ ಕ್ರಿಮಿ ರಕ್ತದ ಸಕ್ಕರೆ ಉಂಡು ಅರಗಿಸಿಕೊಂಡು ಬಿಡುವ ವಾಸನೆ ರೋಗಿಯ ಉಸಿರಿಗೆ ಬರುತ್ತದೆ. ಯಂತ್ರ ಅದನ್ನು ಮೂಸಿ ಹಿಡಿದು ಕೆಂಪು ದೀಪ ಹತ್ತಿಸಬೇಕು. ಮಧ್ಯಾಹ್ನ ಅದನ್ನು ನೋಡಿ, ಇನ್ನು ಮುಂದೆ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವು ಸಂಸ್ಥೆಯವರು ಬರುವವರಿದ್ದರು.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಓಗುಟು.

"ಹಾಗಾದ್ರೆ ಯಂತ್ರ ಸುಳ್ಳು. ಎಲ್ರೂ ಸರೋವರಕ್ಕೆ ಹೋಗಿ ಮೀನು ಹಿಡಿಯೋಣ," ಎಂದು ಪ್ರಯೋಗಾಲಯ ನಡೆಸುವ ಡಾಕ್ಟರ್ ಕೆಮುಂಟೊ ತಲೆಯ ಮೇಲೆ ಕೈಹೊತ್ತು ಕುಳಿತರು.

ಸೂಕ್ಷ್ಮದರ್ಶಕದಲ್ಲಿ ರಕ್ತ ಪರೀಕ್ಷಿಸುವ ಅಪೊಂಡಿ ಅಕ್ಕ ಅವನ ಬೆರಳು ಚುಚ್ಚಿ, ಬಹಳ ಹೊತ್ತು ನೋಡಿ, "ಒಂದು ಕ್ರಿಮೀನೂ ಇಲ್ಲ ಕಣಪ್ಪ," ಎಂದಳು. ಸಾವಿನ ಸುದ್ದಿ ತಂದವಳ ದನಿಯಲ್ಲಿ.

ಅಲ್ಲಿಂದ ಇಡೀ ಕಚೇರಿ ಅವನ ಕಾಯಿಲೆಗಾಗಿ ಹರಕೆ ಹೊರತೊಡಗಿತು.

"ತಲೆನೋವು?"

"ಇಲ್ಲ ಡಾಕ್ಟ್ರೇ."

"ವಾಂತಿ ಬಂದ ಹಾಗೆ?"

"ಇಲ್ಲ."

"ಸ್ವಲ್ಪ ಮನಸ್ಸಿಟ್ಟು ಯೋಚನೆ ಮಾಡೋ!"

ಡ್ರೈವರ್ ವಾಂಗಾ ಹಣೆ ಮುಟ್ಟಿ ನೋಡಿ, "ಕಪ್ಪೆ ಹಾಗೆ ತಣ್ಣಗಿದ್ದಾನೆ, ನಮ್ಮ ಕರ್ಮ!" ಎಂದ. ಓಗುಟು ಊಟಕ್ಕೆ ಕೂತು ಉಗಾಲಿ ಮುದ್ದೆ, ಹುರಿದ ಮೀನು ಎರಡು ಸಲ ಹಾಕಿಸಿಕೊಂಡಾಗ ಅಡುಗೆಯವಳು ತಟ್ಟೆಯನ್ನೇ ಕಿತ್ತುಕೊಂಡಳು. "ಹಿಂಗೆ ತಿನ್ನೋನಿಗೆ ಜ್ವರ ಎಲ್ಲಿಂದ ಬರ್ಬೇಕು!"

ಅತಿಥಿಗಳು ಬಂದರು. ಚಹಾ ತಂದ ಓಗುಟುವಿನ ಕೈಯಲ್ಲಿ ಲೋಟಗಳು ತಾಳ ಹಾಕತೊಡಗಿದವು.

"ಹೆದರಿಕೆಯೇನೋ?" ಡಾಕ್ಟರ್ ಪಿಸುಗುಟ್ಟಿದರು.

"ಚ... ಚಳಿ."

ಅಪೊಂಡಿ ಅಕ್ಕ ಮತ್ತೆ ಅವನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಓಡಿದಳು, ಕುಣಿಯುತ್ತಾ ಬಂದಳು. "ಇದೆ ಡಾಕ್ಟ್ರೇ, ಇದೆ! ಬೆಳಿಗ್ಗೆ ನನ್ನ ಕಣ್ಣಿಗೆ ಬೀಳದ್ದನ್ನ ಯಂತ್ರ ಆಗ್ಲೇ ಮೂಸಿತ್ತು!"

ಅತಿಥಿಗಳು ಚಪ್ಪಾಳೆ ತಟ್ಟಿದರು. ಡಾಕ್ಟರ್ ಅವನನ್ನು ತಬ್ಬಿಕೊಂಡು, "ದೇವರು ದೊಡ್ಡೋನು! ನಿಂಗೆ ಮಲೇರಿಯಾ!" ಎಂದರು. ಹಲ್ಲು ಕಟಕಟಿಸುತ್ತಲೇ ಓಗುಟು ಆನಂದಬಾಷ್ಪ ಸುರಿಸಿದ. ಯಂತ್ರ ಉಳಿಯಿತು, ತನ್ನ ಅನ್ನವೂ ಉಳಿಯಿತು.

ಮಾತ್ರೆ ನುಂಗಿ ಮಲಗಿದವನಿಗೆ ಸಂಜೆಗೆ ಬೆವರೊಡೆದು ಮೈ ಹಗುರಾಯಿತು. ಡಾಕ್ಟರ್ ಪಕ್ಕದಲ್ಲಿ ಬಂದು ಕುಳಿತರು.

"ಯೋಜನೆ ಮುಂದುವರಿಸ್ತಾರಂತೆ ಕಣೋ."

"ಜ್ವರ ಬಿಟ್ಟ ತಕ್ಷಣ ಕೆಲಸಕ್ಕೆ ಬರ್ತೀನಿ ಡಾಕ್ಟ್ರೇ."

"ಬಾ. ಆದ್ರೆ ಕೆಲಸಕ್ಕಲ್ಲ. ಯಂತ್ರ ಹಿಡಿದ ಮೊದಲನೇ ರೋಗಿ ನೀನು. ರೋಗಿಯಾದೋನು ಪ್ರಯೋಗಾಲಯದಲ್ಲಿ ದುಡಿಯೋ ಹಾಗಿಲ್ಲ, ಅದು ಸಂಸ್ಥೆಯವರ ನಿಯಮ. ವಾರಕ್ಕೊಮ್ಮೆ ಬಂದು ಊದಿ ಹೋಗು. ಬಸ್ ಚಾರ್ಜು ಕೊಡ್ತೀವಿ, ಒಂದು ಸೊಳ್ಳೆಪರದೇನೂ ಕೊಡ್ತೀವಿ."

ಓಗುಟು ಹೊದಿಕೆ ಸರಿಸಿ ಎದ್ದು ಕುಳಿತ. ತಲೆನೋವಿರಲಿಲ್ಲ, ಚಳಿಯಿರಲಿಲ್ಲ, ಜೀವಕ್ಕೆ ಹಾಯೆನಿಸಿತ್ತು.

"ಪರದೆ ಗಟ್ಟಿಯಾಗಿರೋದು ಕೊಡಿ ಡಾಕ್ಟ್ರೇ," ಎಂದ. "ಇನ್ಮೇಲೆ ಹಗಲೂ ಮಲಗ್ಬೇಕಲ್ಲ."